ಈಸ್ಟರಿನ ಸಾಕ್ಷಿ

ಬೆಳಗಾವಿ
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಪದ್ಮಕ್ಕನಿಗೆ,

ಏಪ್ರಿಲ್‌ನಿಂದ ನಿನ್ನ ಜೊತೆ ಮಾತು ಬಿಟ್ಟವಳು ಇವತ್ತು ಕಾಗದ ಬರೆಯುತ್ತಿದ್ದೇನೆ, ಕ್ಷಮಿಸು. ಫೋನ್ ಮಾಡೋಣವೆಂದರೆ ನಿನ್ನ ‘ಹಲೋ’ ಕೇಳಿದ ಕೂಡಲೇ ಅತ್ತು ಇಟ್ಟುಬಿಡುತ್ತೇನೆ. ನಿದ್ದೆ ಕಾಣದೆ ಬಹಳ ದಿನಗಳಾದವು. ಅಕ್ಷರ ಸೊಟ್ಟಗಿದ್ದರೆ ನಿನ್ನ ಹಲಸಿ ಶಾಲೆಯ ಮಕ್ಕಳ ವಹಿ ಅಂದುಕೊಂಡು ಓದು. ಖಾನಾಪುರದಲ್ಲಿ ಎಲ್ಲ ಹೇಗಿದ್ದೀರಿ? ಭಾವನ ಬೆನ್ನುನೋವು ಕಡಿಮೆಯಾಯಿತೇ?

ಇದೇ ಇಪ್ಪತ್ತೇಳಕ್ಕೆ, ಬುಧವಾರ, ಚೇತನನ ಕಿವಿಯ ಆಪರೇಶನ್. ಕಿವಿಯ ಹಿಂದೆ ಕೊಯ್ದು ಒಳಗೊಂದು ಯಂತ್ರ ಕೂರಿಸುತ್ತಾರೆ. ಏಪ್ರಿಲ್ ಮೂರಕ್ಕೆ ಹೋಗಬೇಕಿದ್ದ ತಪಾಸಣೆಗೆ ನಾವು ಹೋದದ್ದು ಸೆಪ್ಟೆಂಬರಿನಲ್ಲಿ. ‘ಇಷ್ಟ ಸಣ್ಣ ಕೂಸಿಗಿ ಐದಾರ ತಿಂಗಳಂದ್ರ ಭಾಳ ಆತ್ರಿ. ಮಾತು ಬರಬಹುದು, ಎಷ್ಟು ಬರತಾವು ಅಂತ ಹೇಳಾಕ ಆಗೂದಿಲ್ಲ’ ಎಂದರು ಡಾಕ್ಟರಮ್ಮ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇದೆಲ್ಲ ಹೇಗಾಯಿತೆಂದು ನಿನಗೆ ಪೂರ್ತಿ ಹೇಳಿಯೇ ಇಲ್ಲ. ಗರಿಗಳ ಭಾನುವಾರ ಮಕ್ಕಳು ಗರಿ ಹಿಡಿದು ‘ಹೊಸನ್ನ’ ಎನ್ನುತ್ತ ಚರ್ಚಿನೊಳಗೆ ಬಂದರು. ಚೇತನನನ್ನು ಮುಂದಿನ ಬೆಂಚಿನ ಮೇಲೆ ಕೂರಿಸಿದ್ದೆ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಸಾತಪ್ಪ ಕಾಕಾ ಡೋಲಕ್ ಇಟ್ಟುಕೊಂಡು ಬಾರಿಸಿದರು. ಕೂಸು ತಟ್ಟನೆ ಅತ್ತ ತಿರುಗಿತು. ‘ಕೇಳಿಸ್ತು! ನಮ್ಮ ಕೂಸಿಗಿ ಕೇಳಿಸ್ತು!’ ಎಂದು ಮೊದಲು ಕೂಗಿದವಳು ನನ್ನ ಅತ್ತೆ. ಬೆಂಚಿನ ಹಲಗೆ ನಡುಗಿದ್ದಕ್ಕೆ ತಿರುಗಿರಬಹುದೆಂದು ಯಾರೂ ಯೋಚಿಸಲಿಲ್ಲ. ಪಾಸ್ಟರ್ ಗುರುಪುತ್ರಪ್ಪನವರು ಮಗುವನ್ನು ಎತ್ತಿ ಸಭೆಗೆಲ್ಲ ತೋರಿಸಿದರು. ಮುಂದಿನ ಭಾನುವಾರ ಈಸ್ಟರ್. ನಾನು ಎದ್ದು ನಿಂತು, ದೇವರು ನನ್ನ ಮಗನ ಕಿವಿ ತೆರೆದನೆಂದು ಸಾಕ್ಷಿ ಹೇಳಿದೆ. ಅವನ ಕಿವಿ ಮಷೀನು ಆವತ್ತೇ ಕಪಾಟು ಸೇರಿತು. ‘ಸಾಕ್ಷಿ ಹೇಳಿದ ಮ್ಯಾಲ ಮಷೀನ್ ಹಾಕಿದರ ದೇವರ ಮಾರಿಗಿ ಹೊಡದಂಗ ಆಕೈತಿ, ತಂಗಿ’ ಎಂದರು ಪಾಸ್ಟರ್.

ಆಗ ನೀನು ಫೋನಿನಲ್ಲಿ ಹೇಳಿದ್ದೆ: ‘ಕೂಸಿಗಿ ಕೇಳಸ್ತೈತಿ ಅಂದ್ರ ಡಾಕ್ಟರಿಗೆ ತೋರಸಾಕ ಯಾಕ ಹೆದರತಿ? ಖರೇ ಇದ್ರ ಅಲ್ಲೂ ಖರೇನ ಇರತೈತಿ.’ ನಾನು ನಿನ್ನನ್ನು ತೋಮನಂಥವಳು, ಸಂಶಯದ ಹುಳ ಅಂದೆ. ನನ್ನ ಮನೆಯ ಹೊಸ್ತಿಲು ತುಳಿಯಬೇಡ ಅಂದೆ.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಸುಮಿತನಿಗೆ ಬುತ್ತಿ ಕೊಡಲು ಆಟೋ ನಗರದ ಗ್ಯಾರೇಜಿಗೆ ಹೋಗಿದ್ದೆ. ಡಬ್ಬಿ ಕೈಗೆ ಕೊಡುವಷ್ಟರಲ್ಲಿ ಚೇತನ ಕೈಬಿಡಿಸಿಕೊಂಡು, ಹಿಂದಕ್ಕೆ ಬರುತ್ತಿದ್ದ ಟೆಂಪೋದ ಹಿಂದೆಯೇ ಕೂತುಬಿಟ್ಟಿದ್ದ, ನೆಲದ ಮೇಲಿನ ಆಯಿಲ್‌ನಲ್ಲಿ ಬೆರಳಾಡಿಸುತ್ತ. ನಾನು ಚೀರಿದೆ. ಗ್ಯಾರೇಜಿನವರೆಲ್ಲ ‘ಏ, ಬಾಜೂಕ ಸರಿಯಲೇ!’ ಎಂದು ಕೂಗಿದರು. ಅವನು ತಲೆಯೆತ್ತಲಿಲ್ಲ. ಸುಮಿತ ಹಾರಿ ಮಗನನ್ನು ಎಳೆದುಕೊಂಡ. ಡ್ರೈವರ್ ಇಳಿದು ಬಂದು, ‘ಏನ್ ಅಕ್ಕಾರ, ಹುಡುಗ ಕಿವುಡ ಐತೇನ್ರಿ?’ ಎಂದ. ಸಿಟ್ಟಿಗೆ ಅಂದದ್ದು ಅದು. ನಾನು ‘ಹೌದ್ರಿ’ ಅಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಸಾಕ್ಷಿ ತಪ್ಪಾಗಿತ್ತೆಂದು ಸಭೆಗೆ ಹೇಳುತ್ತೇನೆ ಅಂದರೆ ಪಾಸ್ಟರ್ ಬೇಡವೆಂದರು. ‘ನಿನ್ನ ಒಂದ ಮಾತಿಗಿ ಹತ್ತು ಮನಿಯವರ ನಂಬಿಕಿ ಬೀಳತೈತಿ.’ ಅತ್ತೆಯದು ಬೇರೆಯೇ ಉಪಾಯ. ‘ಆಪರೇಶನ್ ಸುಮ್ಮನ ಮಾಡಸ್ರಿ. ಯಾರರ ಕೇಳಿದ್ರ ಟಾನ್ಸಿಲ್ ಅನ್ನೂಣು.’

‘ತಲಿಗಿ ಪಟ್ಟಿ ಕಟ್ಟೂ ಟಾನ್ಸಿಲ್ ಯಾವೂರಾಗ ನೋಡೀರಿ ಅತ್ತಿ?’ ಅಂದೆ. ಸುಮಿತ ನಕ್ಕ. ಅತ್ತೆ ಎರಡು ದಿನ ನನ್ನ ಕೈಯ ಚಹಾ ಕುಡಿಯಲಿಲ್ಲ.

ನಿನ್ನೆ ಚರ್ಚಿನಲ್ಲಿ ಎದ್ದು ಹೇಳಿಯೇಬಿಟ್ಟೆ. ನನ್ನ ಮಗನಿಗೆ ಕಿವಿ ಕೇಳುವುದಿಲ್ಲ, ಯಾವತ್ತೂ ಕೇಳಿರಲಿಲ್ಲ ಅಂದೆ. ಮುಂದಿನ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಹಾರ್ಮೋನಿಯಂ ಪೇಟಿ ಶುರುವಾಯಿತು. ಎಲ್ಲರೂ ಎದ್ದು ನಿಂತು ಹಾಡಿದರು. ನಾನು ಮಾತ್ರ ಕೂತೆ.

ಅಕ್ಕಾ, ಗರಿ ಹಿಡಿದು ಯೇಸುವನ್ನು ಎದುರುಗೊಂಡ ಆ ಯೆರೂಸಲೇಮಿನ ಜನರ ಬಗ್ಗೆಯೇ ಯೋಚಿಸುತ್ತಿರುತ್ತೇನೆ. ಅವರು ದಾರಿಗೆ ಬಟ್ಟೆ ಹಾಸಿದ್ದು ಅವನಿಗಲ್ಲ, ತಮಗೆ ಬೇಕಾಗಿದ್ದ ಅರಸನಿಗೆ. ಅವನೋ, ಬೇರೆಯವರ ಕತ್ತೆಮರಿಯ ಮೇಲೆ ಕೂತು ಬಂದ. ನೀವು ಕಾಯುತ್ತಿರುವವನು ನಾನಲ್ಲ ಎಂದು ಇದಕ್ಕಿಂತ ಬಿಡಿಸಿ ಹೇಗೆ ಹೇಳಬೇಕಿತ್ತು? ಐದೇ ದಿನಕ್ಕೆ ಅವನನ್ನು ಶಿಲುಬೆಗೆ ಹಾಕಿಸು ಎಂದು ಜನ ಕೂಗಿದ ಸಿಟ್ಟು ಎಂಥದ್ದೆಂದು ನನಗೀಗ ಗೊತ್ತು. ಸಂಡೇ ಸ್ಕೂಲಿನಲ್ಲಿ ನೀನೇ ಹೇಳಿಕೊಟ್ಟಿದ್ದೆಯಲ್ಲ, ಆ ಕಿವುಡನ ಕಥೆ? ಯೇಸು ಅವನನ್ನು ಗುಂಪಿನಿಂದ ಆಚೆ ಕರೆದೊಯ್ದು ಕಿವಿ ಮುಟ್ಟಿದ, ಯಾರಿಗೂ ಹೇಳಬೇಡಿ ಅಂದ. ನಾವು ಕೂಸನ್ನು ಗುಂಪಿನ ನಡುವೆ ಎತ್ತಿ ಹಿಡಿದೆವು.

ಅವನು ನಮ್ಮಲ್ಲಿಗೆ ಬಂದಿದ್ದರೆ ಈಸ್ಟರಿಗೂ ಮುಂಚೆಯೇ ಬಂದಿದ್ದ. ಆಸ್ಪತ್ರೆಯ ಸರದಿಯಲ್ಲಿ ಕೂರಿಸಿ, ಏಪ್ರಿಲ್ ಮೂರು ಎಂದು ಚೀಟಿ ಬರೆದು ಕೊಟ್ಟಿದ್ದ. ಅಂಥ ರಕ್ಷಕ ನನಗೆ ಸಾಲಲಿಲ್ಲ. ಇದು ತಿಳಿದ ಮೇಲೆ ಸಮಾಧಾನವಾಗಿದೆ ಅಂದುಕೊಳ್ಳಬೇಡ. ಆ ಕಿವುಡನಿಗೆ ಕೊಟ್ಟದ್ದನ್ನು ನನ್ನ ಕೂಸಿಗೆ ಯಾಕೆ ಕೊಡಲಿಲ್ಲ ಎಂದು ದಿನಾ ಅವನ ಜೊತೆ ಜಗಳವಾಡುತ್ತೇನೆ.

ಆ ಬುಧವಾರ ಶಾಲೆಗೆ ರಜೆ ಹಾಕಿ ಬರುತ್ತೀಯಾ? ಬೆಳಗಿನ ಬಸ್ಸಿಗೆ ಬಂದು ಗೋವಾವೇಸಿನಲ್ಲಿ ಇಳಿ, ಸುಮಿತ ಗಾಡಿ ತರುತ್ತಾನೆ. ಚರ್ಚಿನವರು ಯಾರೂ ಬರುವುದಿಲ್ಲ. ಕೂಸನ್ನು ಒಳಗೆ ಒಯ್ದ ಮೇಲೆ ಬಾಗಿಲ ಹೊರಗೆ ನನ್ನ ಪಕ್ಕ ಕೂರಲು ಒಬ್ಬರು ಬೇಕು.

ಭಾವನಿಗೆ ನಮಸ್ಕಾರ. ನಿನ್ನ ಮಕ್ಕಳಿಗೆ ದೇವರು ಒಳ್ಳೆಯದು ಮಾಡಲಿ. ಹೇಗೆ ಮಾಡಬೇಕೆಂದು ಅವನಿಗೆ ಹೇಳಿಕೊಡುವುದನ್ನು ನಾನು ಬಿಟ್ಟಿದ್ದೇನೆ.

ನಿನ್ನ ತಂಗಿ,
ಶೀತಲ

ತಾ.ಕ.: ಇದನ್ನು ನಿನ್ನೆ ಸಭೆಯಲ್ಲೂ ಹೇಳಲಿಲ್ಲ, ಸುಮಿತನಿಗೂ ಹೇಳಿಲ್ಲ. ಈಸ್ಟರಿನ ಹಿಂದಿನ ದಿನ ಚೇತನನನ್ನು ಚಾಪೆಯ ಮೇಲೆ ಕೂರಿಸಿ, ಹಿಂದೆ ನಿಂತು ಚಪ್ಪಾಳೆ ಹೊಡೆದೆ. ಹೆಸರು ಹಿಡಿದು ಕರೆದೆ, ಗಂಟಲು ಹರಿಯುವಂತೆ ಕರೆದೆ. ಅವನು ತಿರುಗಲಿಲ್ಲ. ಪಾಸ್ಟರಿಗೆ ಗೊತ್ತಿರಲಿಲ್ಲ, ಅತ್ತೆಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಕಿವುಡ ಮಗುವನ್ನು ಹೆತ್ತವಳೆಂದು ಒಂದೂವರೆ ವರ್ಷ ನನ್ನ ಮುಖ ನೋಡದ ಅತ್ತೆ, ಮರುದಿನ ನನ್ನ ಕೈ ಹಿಡಿದುಕೊಂಡು ಚರ್ಚಿಗೆ ನಡೆದಳು. ಆ ಕೈ ಬಿಡಿಸಿಕೊಳ್ಳಲು ಆಗದೆ ಎದ್ದು ನಿಂತು ಸಾಕ್ಷಿ ಹೇಳಿದೆ. ಇಷ್ಟು ಓದಿದ ಮೇಲೂ ಮನಸ್ಸಾದರೆ ಬಾ, ಅಕ್ಕಾ.