ಹುರುಳಿ ಡಬ್ಬದೊಳಗಿನ ಜೇನು

ಅತ್ತೆಮ್ಮ,

ನೀವು ಹೋಗಿ ಆರು ತಿಂಗಳಾಯಿತು. ಇವತ್ತು ನಿಮ್ಮ ಮೊಮ್ಮಗಳು ನಯನಾ ಫಾರ್ಮಸಿ ಕಾಲೇಜಿನಿಂದ ಹರವೆಗೆ ಬಂದಿದ್ದಾಳೆ. ಊಟಕ್ಕೆ ಕೂತವಳು ತನ್ನ ಪಾಡಿಗೆ ಹೇಳಿದಳು: "ನೋವಿನ ಮಾತ್ರೆ ತಿಂದು ಹೊಟ್ಟೇಲಿ ಹುಣ್ಣಾಗೋದ್ನ ಜೇನು ತಡೀತದಾ ಅಂತ ಇಲಿಗಳ ಮೇಲೆ ನೋಡವ್ರೆ ಕಣವ್ವ. ಇಲಿಗಳ್ಗೆ ಹುಣ್ಣು ಕಮ್ಮಿ ಆಯ್ತಂತೆ. ಮನುಷ್ಯರ್ಗೆ ಎಂಗೋ, ಇನ್ನೂ ಗೊತ್ತಿಲ್ಲ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟೆ.

ಮಂಡಿನೋವಿನ ಮಾತ್ರೆ ನುಂಗುವ ಮುಂಚೆ ನೀವು ಒಂದು ಚಮಚ ಜೇನು ನೆಕ್ಕುತ್ತಿದ್ದಿರಿ. "ಇದಿದ್ರೆ ಒಟ್ಟೆ ಉರಿಯಕ್ಕಿಲ್ಲ ಕಣಮ್ಮಿ, ಬುಡು" ಎನ್ನುತ್ತಿದ್ದಿರಿ. ನಾನು ಬಿಡಲಿಲ್ಲ. ಸಕ್ಕರೆ ಕಾಯಿಲೆ ಇಟ್ಟುಕೊಂಡು ಜೇನು ಬೇಕಾ ಎಂದು ರೇಗಿದೆ. ಸೀಸೆಯನ್ನು ಕಿತ್ತುಕೊಂಡು, ಬಿತ್ತನೆಗೆ ಎತ್ತಿಟ್ಟ ಹುರುಳಿಯ ಡಬ್ಬದೊಳಗೆ ಹೂತಿಟ್ಟೆ. ಕದ್ದು ತಿಂದರೆ ಗೊತ್ತಾಗಲೆಂದು, ಜೇನು ಎಷ್ಟಿತ್ತೋ ಅಲ್ಲಿಗೆ ಪೆನ್ನಿನಲ್ಲಿ ಗೆರೆಯನ್ನೂ ಎಳೆದೆ. ಮಾತ್ರೆಯನ್ನಂತೂ ಹೊತ್ತಿಗೆ ಸರಿಯಾಗಿ ನಾನೇ ನಿಮ್ಮ ಅಂಗೈಗೆ ಹಾಕಿದೆ.

ಹೊಟ್ಟೆಯ ಹುಣ್ಣು ಒಡೆದು ರಕ್ತ ಕಾರಿಕೊಂಡ ದಿನ, ಚಾಮರಾಜನಗರದ ಆಸ್ಪತ್ರೆಯ ದಾರಿಯುದ್ದಕ್ಕೂ ನೀವು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಿರಿ. ಆಗಲೂ ಜೇನಿನ ಮಾತೆತ್ತಲಿಲ್ಲ.

ಇವತ್ತು ಊಟ ಬಿಟ್ಟೆದ್ದು ಹುರುಳಿಯೊಳಗೆ ಕೈ ಹಾಕಿದೆ. ಸೀಸೆ ಸಿಕ್ಕಿತು. ಅದರ ಬಾಯಿಗೆ ನಿಮ್ಮ ಹಸಿರು ಸೀರೆಯ ಚೂರೊಂದನ್ನು ಇರುವೆ ಹೋಗದಂತೆ ಬಿಗಿದು ಕಟ್ಟಲಾಗಿತ್ತು. ನಾನು ಹೂತಿಡುವಾಗ ಆ ಬಟ್ಟೆ ಇರಲಿಲ್ಲ; ಗಂಟು ನಿಮ್ಮದೇ.

ಜೇನು ನನ್ನ ಗೆರೆಯಿಂದ ಒಂದು ಚಮಚದಷ್ಟೂ ಕೆಳಗಿಳಿದಿಲ್ಲ.