ಮಾತು ಮುಗಿಯುವವರೆಗೆ

ಹದಿನಾರನೇ ತಾರೀಕು, ಸಂಜೆ

ಪ್ರಿಯ ಡಿಕ್ಷನರಿ,

ಹಾಂ, ಮಾತು ಎಲ್ಲಿಗೆ ನಿಲ್ಲಿಸಿದ್ದೆ? ಗಿರಾಕಿ ಬಂದು ನಿನ್ನೆ ಫೋನು ಅರ್ಧಕ್ಕೇ ಇಡಬೇಕಾಯಿತು. ನಿನ್ನ ಕಾಗದಕ್ಕೆ ಉತ್ತರ ಬರೆದಿಲ್ಲವೆಂದು ಬೈಯಬೇಡ. ಶಾಲೆ ಶುರುವಾಗುವ ಕಾಲ, ಸಮವಸ್ತ್ರ ಹೊಲಿದೂ ಹೊಲಿದೂ ಬೆರಳು ಸವೆದಿವೆ. ನಿನ್ನ ಮಂಡಿನೋವು ಹೇಗಿದೆ?

ಮಗಳ ಲಾ ಕಾಲೇಜಿನ ಸಂದರ್ಶನದ ವಿಷಯ ಅಲ್ಲವೇ. ಅರ್ಜಿಯಲ್ಲಿ ಅಂಗವೈಕಲ್ಯವಿದ್ದರೆ ತಿಳಿಸಿ ಎಂದಿತ್ತು. ಖಾಲಿ ಬಿಡು ಮಗಳೇ, ಉಗ್ಗುವವಳಿಗೆ ವಕೀಲಿಕೆ ಕಲಿಸಲು ಅವರಿಗೇನು ಹುಚ್ಚೇ, ಸೀಟು ಕೈತಪ್ಪುತ್ತದೆ ಎಂದೆ. ಅವಳು ನನ್ನ ಮಾತು ಕೇಳಿದ್ದು ಯಾವಾಗ? ಉಗ್ಗು ಇದೆ, ಬೇಕಾದ ನೆರವು ನಾನು ಮಾತು ಮುಗಿಸುವವರೆಗೆ ಕಾಯುವುದು ಎಂದು ಬರೆದೇಬಿಟ್ಟಳು. ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರಲ್ಲ, ಆನೆಸ್ಟಿ ಈಸ್ ದಿ ಬೆಸ್ಟ್... ಏನೋ ಒಂದು, ಕ್ಲಾಸಿನ ಡಿಕ್ಷನರಿ ನೀನೇ, ನಿನಗೇ ಗೊತ್ತು. ಪಾಲಿಸಿ ಅಲ್ಲವೇ? ನಾನಂತೂ ಅಂಥ ಪಾಲಿಸಿ ಮಾಡಿಸಿದವನಲ್ಲ.

ಸಂದರ್ಶನಕ್ಕೆ ಅವಳ ಜೊತೆ ನನ್ನನ್ನೂ ಒಳಗೆ ಬಿಟ್ಟರು. ಮೇಜಿನಾಚೆ ಮೂವರಿದ್ದರು. ನಡುವೆ ಕೂತ ಪ್ರಿನ್ಸಿಪಾಲಮ್ಮ, ಕಾನೂನೇ ಯಾಕೆ ಓದಬೇಕು ಎಂದು ಕೇಳಿದರು. ಮಗಳು ಬಾಯಿ ತೆರೆದಳು. ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಂಡಿತು, ಕುತ್ತಿಗೆಯ ನರ ಉಬ್ಬಿತು. ನನಗೆ ರೂಢಿ ನೋಡು, ಅವಳು ಹೇಳೋದು ಏನಂದ್ರೆ ಮೇಡಂ, ಎಂದು ಎದ್ದೇ ನಿಂತೆ. ಅವರು ನನ್ನ ಕಡೆ ತಿರುಗಲೂ ಇಲ್ಲ.

"ಕೂತ್ಕೊಳ್ಳಿ ಯಜಮಾನ್ರೇ. ನಮಗೇನೂ ಅವಸರ ಇಲ್ಲ."

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡವನ ಹಾಗೆ ಕೂತೆ.

ಆಮೇಲಿನದನ್ನು ಹೇಗೆ ಬರೆಯಲಿ? ಹೊರಗೆ ಹುಡುಗರ ಸಾಲು ಬೆಳೆಯುತ್ತಿತ್ತು. ಒಳಗೆ ಯಾರೂ ಗಡಿಯಾರ ನೋಡಲಿಲ್ಲ, ಪೆನ್ನು ಕುಟ್ಟಲಿಲ್ಲ, ಅಯ್ಯೋ ಪಾಪ ಎನ್ನುವ ಮುಖ ಮಾಡಲಿಲ್ಲ. ಸುಮ್ಮನೆ ಕಾದರು. ದೇವರ ಮುಂದೆಯೂ ನಾನು ಅಷ್ಟು ಸುಮ್ಮನೆ ನಿಂತವನಲ್ಲ. ಆ ಮೌನದೊಳಗಿಂದ ಒಂದೊಂದೇ ಮಾತು ಎದ್ದು ಬಂತು.

"ಕೋರ್ಟಲ್ಲಿ ಸಾಕ್ಷಿ ಹೇಳೋರ ಮಾತನ್ನ ಬೇರೆಯವರು ಮುಗಿಸೋ ಹಾಗಿಲ್ಲ. ಆ ಜಾಗ ನನಗೆ ಇಷ್ಟ."

ವಾಕ್ಯ ಮುಗಿಯುವಾಗ ಅವಳ ದನಿ ಥೇಟ್ ಅವಳ ತಾಯಿಯ ದನಿಯ ಹಾಗೆ ತಗ್ಗುತ್ತದೆ ಕಣೋ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅದನ್ನು ಕೇಳಿರಲಿಲ್ಲ.

ಸೀಟು ಕೊಟ್ಟರು. ನಿನ್ನ ಮೊಮ್ಮಗುವಿಗೆ ನನ್ನ ಆಶೀರ್ವಾದ. ಬೇಗ ಮಾತು ಕಲಿಯಲಿ ಎನ್ನುವುದಿಲ್ಲ, ನಿಧಾನವಾಗಿಯೇ ಕಲಿಯಲಿ.

ಯುವರ್ಸ್ ಫೇತ್‌ಫುಲಿಯೋ ಸಿನ್ಸಿಯರ್ಲಿಯೋ, ನೀನೇ ನೋಡಿ ಹಾಕಿಕೋ,
ನಿನ್ನ ಲಾಸ್ಟ್ ಬೆಂಚು

ಇದೊಂದು ಉಳಿಯಿತು: ಅವಳ ತಾಯಿಯನ್ನು ಆಪರೇಷನ್ನಿಗೆ ಒಳಗೆ ಒಯ್ಯುವಾಗ ಮಗಳು ಏನೋ ಹೇಳಲು ಹೊರಟಿದ್ದಳು. ಗಾಲಿಮಂಚ ನಿಲ್ಲುತ್ತದೆಯೇ? ಧೈರ್ಯವಾಗಿರು ಅಂತಿದ್ದಾಳೆ ಎಂದು ನಾನೇ ಮುಗಿಸಿದೆ. ಆಕೆ ನಕ್ಕು ಒಳಗೆ ಹೋದಳು. ಮತ್ತೆ ಬರಲಿಲ್ಲ, ನಿನಗೆ ಗೊತ್ತೇ ಇದೆ. ಸಂದರ್ಶನ ಮುಗಿಸಿ ಬರುವಾಗ ಬಸ್ಸಿನಲ್ಲಿ, ಅವತ್ತು ಹೇಳಬೇಕೆಂದಿದ್ದದ್ದು ಅದೇ ತಾನೇ ಎಂದು ಕೇಳಿದೆ. ಅಲ್ಲವೆಂದು ತಲೆಯಾಡಿಸಿದಳು. ಬಾಯಿ ತೆರೆದಳು. ಕಾದೆ. ನಮ್ಮ ಸ್ಟಾಪು ಬಂದು ಹೋಯಿತು, ಇಬ್ಬರೂ ಇಳಿಯಲಿಲ್ಲ.

"ನನಗೆ ಭಯ ಆಗ್ತಿದೆ ಅಮ್ಮ, ಹೋಗಬೇಡ ಅಂತ."

ಇನ್ನೂ ಬರೆಯಬೇಕಿತ್ತು. ಕಿಟಕಿಯ ಬೆಳಕು ಇಳಿಯಿತು, ಅಕ್ಷರ ಕಾಣುತ್ತಿಲ್ಲ.