ಎಲೆ ಉದುರಿಸಿ ನಿಂತ ಕಪ್ಪು ಅಂಜೂರ

ಜನವರಿ ೨೦, ಮಂಗಳವಾರ

ಕೈ ಇನ್ನೂ ಉರಿಯುತ್ತಿದೆ. ಅಂಜೂರದ ಹಾಲು ಸೋಪಿಗೆ ಹೋಗುವುದಿಲ್ಲ.

ಪಕ್ಕದ ಮನೆಯ ಚೆಲುವರಾಜು ತನ್ನ ಹಿತ್ತಲಿನ ಕಪ್ಪು ಅಂಜೂರವನ್ನು ಇವತ್ತು ಜೆಸಿಬಿ ತರಿಸಿ ಬೇರುಸಮೇತ ಕೀಳಿಸಿಬಿಟ್ಟ. ನಾನು ಓಡಿಹೋಗುವಷ್ಟರಲ್ಲಿ ಮರ ನೆಲದ ಮೇಲಿತ್ತು.

"ಒಣಗೋಗಿತ್ತು ಕಣ್ರೀ ಸಾರ್. ಒಂದೆಲೆ ಇರ್ಲಿಲ್ಲ. ಯಾರ ತಲೆ ಮೇಲಾದ್ರೂ ಬಿದ್ಬುಟ್ರೆ?"

"ಒಣಗಿದ ಮರ ಹೀಗೆ ಹಾಲು ಸುರಿಸುತ್ತೇನ್ರೀ?"

"ಅದೇ ಸಾರ್, ನಂಗೂ ಆಶ್ಚರ್ಯ ಆಯ್ತು."

ಆಶ್ಚರ್ಯವಂತೆ! ಚಳಿಗಾಲದಲ್ಲಿ ಎಲೆಯೆಲ್ಲ ಉದುರಿಸಿ ಬೂದಿಬಣ್ಣಕ್ಕೆ ತಿರುಗುವುದು ಅದರ ಗುಣ. ಶಿವರಾತ್ರಿ ಹೊತ್ತಿಗೆ ತುದಿಯಲ್ಲಿ ಹಸಿರು ಮೂಡುವುದನ್ನು ಹುಡುಗನಾಗಿದ್ದಾಗಿನಿಂದ ನೋಡಿದ್ದೇನೆ. ಈತ ಮನೆ ಕೊಂಡದ್ದು ಹೋದ ಯುಗಾದಿಗೆ. ಆ ಮರದ ಚಳಿಗಾಲವನ್ನೇ ಕಂಡಿರಲಿಲ್ಲ. ಒಂದು ಮಾತು ಕೇಳಬಹುದಿತ್ತಲ್ಲ? ಗೋಡೆಯಾಚೆ ನಾನಿದ್ದೆನಲ್ಲ?

ಶ್ರೀರಾಂಪುರದ ನರ್ಸರಿಯಲ್ಲಿ ಕಪ್ಪು ಅಂಜೂರವೆಂದು ಮಾರುವುದು ಬರೀ ಕಂದು, ಸಪ್ಪೆ. ಇದರ ಹಣ್ಣು ಕುಳ್ಳಗೆ, ನೇರಳೆ ಹಣ್ಣಿಗಿಂತ ಕಪ್ಪು. ಮಾಗಿದಾಗ ಸಿಪ್ಪೆ ಉದ್ದಕ್ಕೆ ಬಿರಿದು, ತಳದ ಕಣ್ಣಿನಲ್ಲಿ ಜೇನಿನಂಥ ಒಂದು ಹನಿ ನಿಲ್ಲುತ್ತಿತ್ತು. ಈ ಊರಲ್ಲಿ ಇಂಥ ಇನ್ನೊಂದು ಮರವನ್ನು ನಾನು ಕಂಡಿಲ್ಲ.

ಬಿದ್ದ ಮರದಿಂದ ಹೊತ್ತು ತಂದ ಕೊಂಬೆಗಳನ್ನು ತುಂಡು ಮಾಡಿ, ಹಾಲು ಒಣಗಲು ಬಿಟ್ಟು, ಒದ್ದೆ ಮರಳಿಗೆ ಚುಚ್ಚಿದ್ದೇನೆ. ಹೆಂಡತಿ ವೇದವತಿ ಬಂದು ನೋಡಿದಳು.

"ಎಲ್ಲಾ ಸೌದೆ ಥರಾನೇ ಇವೆಯಲ್ರೀ. ಬದುಕಿರೋದು ಯಾವ್ದು, ಸತ್ತಿರೋದು ಯಾವ್ದು ಅಂತ ಹೇಗೆ ಗೊತ್ತಾಗತ್ತೆ?"

ಗೊತ್ತಾಗುವುದಿಲ್ಲ. ತೊಗಟೆಯಡಿ ಹಸಿರಿದೆಯೇ ಎಂದು ಗೀರಿ ನೋಡಲು ಉಗುರಿಟ್ಟೆ; ಗಾಯವಾದೀತೆಂದು ತೆಗೆದೆ. ಶಿವರಾತ್ರಿಯವರೆಗೆ ನನ್ನ ಕಣ್ಣಿಗೂ ಅವು ಒಣಗಿದ ಕಡ್ಡಿಗಳೇ. ಆಮೇಲೂ ಹಾಗೆಯೇ ಇದ್ದರೆ, ಕಿತ್ತೆಸೆಯಬೇಕಾದವನು ನಾನೇ.